ನಾನು ಕಾಯದ ಹತ್ತು ನಿಮಿಷ

ಆ ದಿನ ಕೆಡಲು ಶುರುವಾದದ್ದು ಬೆಳಿಗ್ಗೆ ಹನ್ನೊಂದು ಗಂಟೆ ಐದು ನಿಮಿಷಕ್ಕೆ. ಸೀಸೆ ಸಿಡಿದದ್ದು ಹನ್ನೊಂದು ಇಪ್ಪತ್ತೇಳಕ್ಕೆ. ಶಾಲೆಯವರೆಲ್ಲ ನೆನಪಿಟ್ಟುಕೊಂಡದ್ದು ಎರಡನೆಯ ಹೊತ್ತನ್ನು. ನಾನು ತಿರುಗಿ ತಿರುಗಿ ಹೋಗುವುದು ಮೊದಲನೆಯದಕ್ಕೆ. ನಡುವಿನ ಇಪ್ಪತ್ತೆರಡು ನಿಮಿಷಗಳಲ್ಲಿ ಯಾವಾಗ ಬೇಕಾದರೂ ಅದನ್ನು ನಿಲ್ಲಿಸಬಹುದಾಗಿತ್ತು. ನಿಲ್ಲಿಸುವುದು ನನ್ನ ಕೈಯಲ್ಲೇ ಇತ್ತು.

ಹನ್ನೊಂದು ಐದಕ್ಕೆ ನಾನು ಯಲಹಂಕದ ನಮ್ಮ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿಗೆ ಇತಿಹಾಸ ಹೇಳುತ್ತಿದ್ದೆ. ಜವಾನ ಒಂದು ಚೀಟಿ ತಂದುಕೊಟ್ಟ. ಹೆಡ್‌ಮಾಸ್ಟರ ಕೈಬರಹ. ಮಧ್ಯಾಹ್ನ ಬರಬೇಕಿದ್ದ ಇನ್‌ಸ್ಪೆಕ್ಟರು ಹನ್ನೊಂದೂವರೆಗೇ ಬರುತ್ತಾರಂತೆ. ಅವರಿಗೆ ವಿಜ್ಞಾನದ ಪ್ರಯೋಗ ತೋರಿಸಬೇಕು, ಹತ್ತನೇ ತರಗತಿಯ ಮೂರನೇ ಪೀರಿಯಡ್ಡನ್ನು ಎರಡನೆಯದಕ್ಕೆ ತಂದುಕೊಳ್ಳಿ ಎಂದಿತ್ತು. ನಾನು ಚೀಟಿಯ ಬೆನ್ನ ಮೇಲೆ ‘ಆಗಲಿ’ ಎಂದು ಬರೆದು ಕಳಿಸಿದೆ.

ನಾನು ಓದಿದ್ದು ಇತಿಹಾಸ ಮತ್ತು ಅರ್ಥಶಾಸ್ತ್ರ. ಸೇರಿದ್ದೂ ಅದನ್ನು ಹೇಳಲಿಕ್ಕೇ. ವಿಜ್ಞಾನ ನನ್ನ ಪಾಲಿಗೆ ಬಂದದ್ದು ಅದರ ಹಿಂದಿನ ವರ್ಷ. ಆಗ ಜಾಲಹಳ್ಳಿಯ ಕಡೆ ಕಾರ್ಖಾನೆಗಳು ಏಳುತ್ತಿದ್ದ ಕಾಲ. ನಮ್ಮ ವಿಜ್ಞಾನದ ಮೇಷ್ಟರು ಒಂದು ಸೋಮವಾರ ಅಲ್ಲೊಂದು ಕಡೆ ಸೇರಿಕೊಂಡುಬಿಟ್ಟರು. ಮೂರು ವಾರ ಕುರ್ಚಿ ಖಾಲಿ ಇತ್ತು. ನಾಲ್ಕನೇ ವಾರ ಹೆಡ್‌ಮಾಸ್ಟರು ನನ್ನನ್ನು ಕರೆಸಿದರು.

“ಬಿ.ಎಸ್ಸಿ. ಮಾಡಿದೋರು ಯಾರೂ ಈಗ ಮೇಷ್ಟ್ರಾಗಲ್ಲ ಕಣ್ರೀ. ಪುಸ್ತಕ ಇಂಗ್ಲಿಷಲ್ಲಿದೆ, ನಿಮಗೆ ಇಂಗ್ಲಿಷ್ ಬರುತ್ತೆ. ಓದ್ಕೊಂಡು ಕನ್ನಡದಲ್ಲಿ ಹೇಳಿ.”

“ಪ್ರಯೋಗಗಳು, ಸಾರ್?”

“ಅದಕ್ಕೆ ಅಟೆಂಡರ್ ಇದಾನಲ್ಲ. ಈ ರೂಮು ಕಟ್ಟಿದಾಗಿನಿಂದ ಅವನೇ ಮಾಡ್ತಿರೋದು. ನೀವು ಪಕ್ಕದಲ್ಲಿ ನಿಂತು ಮಾತಾಡಿದ್ರೆ ಆಯ್ತು.”

ಅಟೆಂಡರು ಐವತ್ತು ದಾಟಿದ ಮುಸಲ್ಮಾನರು. ಹಳೇ ಪೇಟೆಯಲ್ಲಿ ಅವರ ಮನೆ. ಮನೆಯಲ್ಲಿ ಅವರ ಉರ್ದು, ನಮ್ಮೊಡನೆ ಊರಿನ ಕನ್ನಡ. ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಸೀಸೆಗಳ ಮೇಲಿನ ಚೀಟಿ ಅವರಿಗೆ ಬೇಕಾಗಿಯೂ ಇರಲಿಲ್ಲ. ಗಂಧಕಾಮ್ಲವನ್ನು ಎತ್ತಿದಾಗಿನ ತೂಕದಿಂದ ಗುರುತಿಸುತ್ತಿದ್ದರು. ಅಷ್ಟೇ ಗಾತ್ರದ ನೀರಿನ ಸೀಸೆಗಿಂತ ಅದು ಹೆಚ್ಚುಕಮ್ಮಿ ಎರಡರಷ್ಟು ಭಾರ ಬರುತ್ತದೆ. ಸಂಜೆ ಶಾಲೆ ಬಿಟ್ಟ ಮೇಲೆ ನಾನು ಅವರ ಮುಂದೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದೆ.

“ನೀರಿಗೆ ಆಸಿಡ್ ಹಾಕ್ಬೇಕು ಸಾರ್, ಆಸಿಡ್‌ಗೆ ನೀರು ಹಾಕಬಾರ್ದು. ಮೇಲಿಂದ ನೀರು ಬಿದ್ರೆ ಅದಕ್ಕೆ ಕೋಪ ಬರ್ತದೆ.”

“ಯಾಕೆ?”

“ಯಾಕೆ ಅನ್ನೋದು ನಿಮ್ ಪುಸ್ತಕದಲ್ಲಿ ಇರ್ತದಲ್ಲ ಸಾರ್. ನಮಗೆ ಗೊತ್ತಿರೋದು ಹೆಂಗೆ ಅಂತ.”

ನಮ್ಮಿಬ್ಬರ ನಡುವೆ ಕೆಲಸ ಹಂಚಿಹೋದದ್ದು ಹೀಗೆ. ಹೇಗೆ ಎಂಬುದು ಅವರದು, ಯಾಕೆ ಎಂಬುದು ನನ್ನದು. ನನ್ನ ಪಾಲಿನ ಕೆಲಸವನ್ನು ನಾನು ಇತಿಹಾಸದವನ ಹಾಗೆಯೇ ಮಾಡಿದೆ. ಇಂಗ್ಲಿಷ್ ಪುಸ್ತಕದ ಒಂದೊಂದು ಅಧ್ಯಾಯವನ್ನೂ ನೋಟ್‌ಬುಕ್ಕಿಗೆ ಕನ್ನಡದಲ್ಲಿ ಇಳಿಸಿಕೊಂಡೆ: ತಯಾರಿಸುವ ವಿಧಾನ, ಗುಣಗಳು, ಉಪಯೋಗಗಳು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಪಕ್ಕದಲ್ಲಿಟ್ಟುಕೊಂಡು, ಪರೀಕ್ಷೆಗೆ ಎಂದೂ ಬಾರದ ಸಾಲುಗಳನ್ನು ಬಿಟ್ಟೆ. ಜಲಜನಕದ ಅಧ್ಯಾಯದ ಕೊನೆಗೆ ಸಣ್ಣ ಅಕ್ಷರದಲ್ಲಿ ಒಂದು ಎಚ್ಚರಿಕೆ ಇತ್ತು. ಉಪಕರಣದೊಳಗಿನ ಗಾಳಿಯೆಲ್ಲ ಹೊರಹೋದ ಮೇಲೆ ಮಾತ್ರ ಅನಿಲಕ್ಕೆ ಬೆಂಕಿ ಹಚ್ಚಬೇಕು, ಗಾಳಿ ಬೆರೆತಿದ್ದರೆ ಸಿಡಿಯುತ್ತದೆ. ಮೊದಲು ಒಂದು ಪ್ರನಾಳದಲ್ಲಿ, ಅಂದರೆ ಟೆಸ್ಟ್ ಟ್ಯೂಬಿನಲ್ಲಿ, ಹಿಡಿದು ದೂರ ಒಯ್ದು ಪರೀಕ್ಷಿಸಬೇಕು. ಅದನ್ನು ಓದಿದ್ದೆ. ಅದರ ಮೇಲೆ ಯಾವ ವರ್ಷವೂ ಪ್ರಶ್ನೆ ಬಂದಿರಲಿಲ್ಲ. ನೋಟ್‌ಬುಕ್ಕಿಗೆ ಇಳಿಸಲಿಲ್ಲ.

ಆ ಪ್ರಯೋಗವನ್ನು ನಾನು ಅದಕ್ಕೆ ಮುಂಚೆ ಮೂರು ಸಲ ಮಾಡಿದ್ದೆ, ಅಥವಾ ಮಾಡಿದ್ದೇನೆ ಅಂದುಕೊಂಡಿದ್ದೆ. ಎರಡು ಬಾಯಿಯ ಗಾಜಿನ ಸೀಸೆ. ತಳದಲ್ಲಿ ಸತುವಿನ ಚೂರು. ಒಂದು ಬಾಯಿಯಲ್ಲಿ ಉದ್ದ ಕಾಂಡದ ಆಲಿಕೆ, ಅದರ ಮೂಲಕ ನೀರು ಬೆರೆಸಿದ ಗಂಧಕಾಮ್ಲ ಹೊಯ್ಯಬೇಕು. ಇನ್ನೊಂದು ಬಾಯಿಯಿಂದ ಬಾಗಿದ ನಳಿಗೆ, ತುದಿಯಲ್ಲಿ ಸೂಜಿಯಂಥ ಕಿಂಡಿ. ಆಮ್ಲ ಬಿದ್ದೊಡನೆ ಸತು ನೊರೆಯೇಳುತ್ತದೆ, ಜಲಜನಕ ಕಿಂಡಿಯಿಂದ ಹೊರಡುತ್ತದೆ. ಅದಕ್ಕೆ ಬೆಂಕಿ ಹಚ್ಚಿ, ಮೇಲೆ ತಣ್ಣನೆಯ ಗಾಜಿನ ಪಾತ್ರೆ ಹಿಡಿದರೆ ಒಳಗೆ ನೀರಿನ ಹನಿ ಕೂರುತ್ತದೆ. ಉರಿಯಿಂದ ನೀರು. ಮಕ್ಕಳು ಬಾಯಿ ತೆರೆದು ನೋಡುವ ಪಾಠ.

ನಮ್ಮ ವಿಜ್ಞಾನದ ಪೀರಿಯಡ್ಡು ಯಾವಾಗಲೂ ಮೂರನೆಯದು, ಹತ್ತು ನಿಮಿಷದ ಬಿಡುವಾದ ಮೇಲೆ. ಬಿಡುವಿನ ಗಂಟೆ ಹೊಡೆದ ಕೂಡಲೇ ಅಟೆಂಡರು ಕಿಟಕಿ ತೆರೆದು ಆಮ್ಲ ಹೊಯ್ಯುತ್ತಿದ್ದರು. ನಾನು ಸ್ಟಾಫ್ ರೂಮಿನಲ್ಲಿ ಕಾಫಿ ಕುಡಿದು ಬರುವ ಹೊತ್ತಿಗೆ ಸೀಸೆ ಹತ್ತು ನಿಮಿಷ ನೊರೆಯೆದ್ದಿರುತ್ತಿತ್ತು, ಗಾಳಿಯೆಲ್ಲ ಹೊರಟುಹೋಗಿರುತ್ತಿತ್ತು. ಹಾಜರಿ ಹಾಕಿ, ಎರಡು ಮಾತಾಡಿ, ಕಡ್ಡಿ ಗೀರುತ್ತಿದ್ದೆ. ಮೂರು ಸಲವೂ ಜ್ವಾಲೆ ಸದ್ದಿಲ್ಲದೆ ಹತ್ತಿತು. ಆ ಹತ್ತು ನಿಮಿಷ ನಾನು ಎಂದೂ ಕಣ್ಣಲ್ಲಿ ನೋಡಿರಲಿಲ್ಲ. ಅದೂ ಪ್ರಯೋಗದ ಭಾಗವೆಂದು ಗೊತ್ತಿರಲಿಲ್ಲ.

ಆ ದಿನ ಎರಡನೇ ಪೀರಿಯಡ್ಡಿನ ಮುಂಚೆ ಬಿಡುವಿರಲಿಲ್ಲ. ಹನ್ನೊಂದು ಇಪ್ಪತ್ತಕ್ಕೆ ನಾನೂ ಮಕ್ಕಳೂ ಒಟ್ಟಿಗೇ ಒಳಗೆ ಹೋದೆವು. ಅಟೆಂಡರು ಆಗಷ್ಟೇ ಸೀಸೆ ಜೋಡಿಸಿ ಮುಗಿಸಿದ್ದರು. ಇನ್‌ಸ್ಪೆಕ್ಟರು ಒಳಗೆ ಬಂದಾಗ ಜ್ವಾಲೆ ಉರಿಯುತ್ತಿರಬೇಕು ಎಂಬ ಲೆಕ್ಕದಲ್ಲಿ ನಾನು ಹಾಜರಿಯನ್ನೂ ಬಿಟ್ಟೆ.

“ಹೊಯ್ಯಿರಿ,” ಅಂದೆ.

ಅವರು ಹೊಯ್ದರು. ಸತು ಬೆಳ್ಳಗೆ ನೊರೆಯೆದ್ದಿತು. ಮುಂದಿನ ಬೆಂಚಿನ ನಾಲ್ಕು ಹುಡುಗಿಯರಲ್ಲಿ ಒಬ್ಬಳು ಕೈ ಎತ್ತಿದಳು. ಬ್ಯಾಟರಾಯನಪುರದಿಂದ ದಿನಾ ನಡೆದು ಬರುತ್ತಿದ್ದವಳು, ದ್ರಾಕ್ಷಿ ತೋಟದವರ ಮಗಳು. ಅವರ ಮನೆಯಲ್ಲಿ ಹತ್ತನೆಯವರೆಗೆ ಬಂದ ಮೊದಲನೆಯವಳು.

“ಬೆಂಕಿ ನೀರಿಂದ ಆರೋಗುತ್ತಲ್ಲ ಸಾರ್. ಬೆಂಕಿಯಿಂದ ನೀರು ಬರೋದು ಹೆಂಗೆ?”

ಒಳ್ಳೆಯ ಪ್ರಶ್ನೆ. ಇನ್‌ಸ್ಪೆಕ್ಟರ ಮುಂದೆ ಅವಳ ಕೈಲೇ ಇದನ್ನು ಇನ್ನೊಮ್ಮೆ ಕೇಳಿಸಬೇಕು ಎಂದುಕೊಂಡೆ. “ಹತ್ತಿರ ಬಾ, ನೋಡು,” ಎಂದು ಕರೆದೆ. ಅವಳು ಎದ್ದುಬಂದು ಮೇಜಿನ ಅಂಚಿಗೆ ನಿಂತಳು. ನಾನು ಕಡ್ಡಿಪೊಟ್ಟಣ ತೆಗೆದೆ.

ಅಟೆಂಡರು ನನ್ನ ಪಕ್ಕಕ್ಕೆ ಬಂದು ತಗ್ಗಿದ ದನಿಯಲ್ಲಿ, “ಇನ್ನೊಂದ್ ಸ್ವಲ್ಪ ಹೊತ್ತಾಗ್ಲಿ ಸಾರ್,” ಎಂದರು.

ನನಗೆ ಸ್ಪಷ್ಟವಾಗಿ ಕೇಳಿಸಿತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ‘ಹಿಸ್ಟರಿ ಸಾರಿಗೆ ಸಾಬ್ರೇ ಸಾರು’ ಎಂದು ಅವರು ನನ್ನ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದುದು ನನಗೆ ಗೊತ್ತಿತ್ತು. ತರಗತಿಯ ಎದುರಿಗೆ, ಇನ್‌ಸ್ಪೆಕ್ಟರು ಬರುವ ಹೊತ್ತಿಗೆ, ಅಟೆಂಡರಿಂದ ಹೇಳಿಸಿಕೊಂಡು ಕೈ ತಡೆಯಲು ನನಗೆ ಮನಸ್ಸಾಗಲಿಲ್ಲ. “ನನಗೆ ಗೊತ್ತಿದೆ,” ಎಂದೆ. ಕಡ್ಡಿ ಗೀರಿದೆ.

ಸದ್ದು ದೊಡ್ಡದೇನಲ್ಲ, ಯಾರೋ ಹಲಗೆಯ ಮೇಲೆ ಸುತ್ತಿಗೆಯಿಂದ ಹೊಡೆದ ಹಾಗೆ. ಆಲಿಕೆ ಮೇಲಕ್ಕೆ ಹಾರಿ ಹೆಂಚಿಗೆ ಬಡಿಯಿತು. ಸೀಸೆ ಇದ್ದ ಜಾಗದಲ್ಲಿ ಸೀಸೆ ಇರಲಿಲ್ಲ. ನನ್ನ ಅಂಗಿಯ ತೋಳಿನಲ್ಲಿ ಸಣ್ಣ ಸಣ್ಣ ತೂತು. ಹುಡುಗಿ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ನಿಂತಿದ್ದಳು. ಕೂಗಲಿಲ್ಲ. ನಾನು ನಿಂತೇ ಇದ್ದೆ. ಎಷ್ಟು ಹೊತ್ತು ನಿಂತಿದ್ದೆ ಎಂಬುದು ಒಂದರಿಂದ ಮಾತ್ರ ಗೊತ್ತು: ಕೈಯಲ್ಲಿದ್ದ ಕಡ್ಡಿ ಉರಿದು ಬೆರಳಿಗೆ ಬಂದು ಸುಟ್ಟಿತು. ಆಗ ನೋಡಿದರೆ ಅಟೆಂಡರು ಅವಳನ್ನು ಕಿಟಕಿಯ ಕೆಳಗೆ ಕೂರಿಸಿ, ತಲೆಯನ್ನು ಹಿಂದಕ್ಕೆ ಬಗ್ಗಿಸಿ, ಎಡಗೈಯ ಎರಡು ಬೆರಳಿನಿಂದ ರೆಪ್ಪೆ ಬಿಡಿಸಿ ಹಿಡಿದು, ಬಲಗೈಯಿಂದ ಬಕೆಟ್ಟಿನ ನೀರನ್ನು ಲೋಟದಲ್ಲಿ ಒಂದೇ ಸಮನೆ ಕಣ್ಣಿಗೆ ಹೊಯ್ಯುತ್ತಿದ್ದರು. ಅವಳು ಕೊಸರಾಡುತ್ತಿದ್ದಳು.

“ಬಿಡಮ್ಮ, ಕಣ್ ಬಿಡು. ಉರಿದ್ರೂ ಬಿಡು. ಬೇಟೀ, ಕಣ್ ಮುಚ್ಬೇಡ.”

ಬಕೆಟ್ಟು ಮುಗಿದಾಗ ನನ್ನ ಕಡೆ ತಿರುಗದೆಯೇ “ನೀರು ಸಾರ್” ಎಂದರು. ನಾನು ಬಾವಿಗೆ ಓಡಿದೆ. ಎರಡನೇ ಬಕೆಟ್ಟು ತರುವಾಗ ಇನ್‌ಸ್ಪೆಕ್ಟರ ಜೀಪು ಗೇಟಿನೊಳಗೆ ಬರುತ್ತಿತ್ತು. ಅದೇ ಜೀಪಿನಲ್ಲಿ ಹುಡುಗಿಯನ್ನು ಪಟ್ಟಣದ ಕಣ್ಣಾಸ್ಪತ್ರೆಗೆ ಒಯ್ದೆವು. ಅಟೆಂಡರು ಹಿಂದಿನ ಸೀಟಿನಲ್ಲಿ ಹೂಜಿ ಹಿಡಿದು ಕೂತು, ಹೆಬ್ಬಾಳದ ಏರಿ ದಾಟುವವರೆಗೂ ನೀರು ಹೊಯ್ಯುತ್ತಲೇ ಇದ್ದರು. ಅವರ ಪೈಜಾಮ, ಅವಳ ಲಂಗ, ಜೀಪಿನ ನೆಲ ಎಲ್ಲ ಒದ್ದೆ.

ಬಲಗಣ್ಣಿಗೆ ಏನೂ ಆಗಿರಲಿಲ್ಲ. ಹಣೆಯಲ್ಲಿ ಎರಡು ಗಾಜಿನ ಚೂರು, ಅವನ್ನು ತೆಗೆದರು. ಎಡಗಣ್ಣಿಗೆ ಆಮ್ಲ ಸಿಡಿದಿತ್ತು. ಡಾಕ್ಟರು ಪಟ್ಟಿ ಕಟ್ಟಿ ಹೊರಗೆ ಬಂದರು.

“ತೊಳೆದದ್ದು ಯಾರು?”

“ನಮ್ಮ ಅಟೆಂಡರು.”

“ಎಷ್ಟು ಹೊತ್ತಿನ ಮೇಲೆ ತೊಳೆದರು?”

“ಆ ಕ್ಷಣಕ್ಕೇ.”

“ಆ ಕಣ್ಣು ಉಳಿದರೆ ಅದರಿಂದಲೇ ಉಳಿಯೋದು. ಉಳಿಯುತ್ತೆ ಅಂತ ಈಗ ಹೇಳೋಕಾಗಲ್ಲ. ಹತ್ತು ದಿನ ಪಟ್ಟಿ ಬಿಚ್ಚಬಾರದು.”

ಹುಡುಗಿಯ ತಂದೆ ಸಂಜೆ ಬಂದರು. ಹೆಗಲ ಮೇಲೆ ಟವೆಲ್ಲು, ಕೈಗೆ ಮೆತ್ತಿದ ಮೈಲುತುತ್ತದ ನೀಲಿ ಹಾಗೆಯೇ ಇತ್ತು. ಬಳ್ಳಿಗೆ ಔಷಧಿ ಹೊಡೆಯುತ್ತಿದ್ದವರನ್ನು ಶಾಲೆಯಿಂದ ಯಾರೋ ಹೋಗಿ ಹಾಗೆಯೇ ಕರೆದುತಂದಿದ್ದರು. ಮಗಳನ್ನು ನೋಡಿ ಹೊರಗೆ ಬಂದು ನನ್ನೆದುರು ಬೆಂಚಿನಲ್ಲಿ ಕೂತರು.

“ನೀವು ಇಸ್ಟ್ರಿ ಮೇಷ್ಟ್ರಲ್ವಾ? ನಮ್ ಮಗ್ಳು ಅಂಗೇ ಏಳಿದ್ಲು.”

“ಹೌದು.”

“ಮತ್ತೆ ಈ ಕೆಲ್ಸಕ್ಕೆ ಯಾಕೆ ಕೈ ಆಕುದ್ರಿ?”

ಹೆಡ್‌ಮಾಸ್ಟರು ಹೇಳಿದರು ಎನ್ನಬಹುದಿತ್ತು.

“ಈ ವರ್ಸ ಗಂಡು ನೋಡಣ ಅಂದ್ರೆ ಬ್ಯಾಡ, ಓದ್ತೀನಿ ಅಂದ್ಲು. ಓದ್ಲಿ ಅಂತ ಬುಟ್ಟೆ. ಈಗ ಒಂದು ಕಣ್ಣಿಲ್ದೋಳ್ನ ಓದ್ಸಕ್ಕೂ ಆಗಲ್ಲ, ಕೊಡಕ್ಕೂ ಆಗಲ್ಲ.” ಜೋರು ದನಿಯಲ್ಲಿ ಹೇಳಲಿಲ್ಲ. ತೋಟದ ಲೆಕ್ಕ ಹೇಳುವಂತೆ ಹೇಳಿದರು. ಆಮೇಲೆ, “ಅವ್ಳ ಮಕ ಇಡ್ಕೊಂಡು ತೊಳ್ದೋರು ಆ ಸಾಬ್ರಾ?” ಎಂದರು. ನಾನು ಹೌದೆಂದೆ. ಅವರು ಮಗಳನ್ನು ಮುಟ್ಟಿದ್ದಕ್ಕೂ ಒಂದು ಮಾತು ಬರಬಹುದೆಂದು ಕಾದೆ. ಅವರು ಎದ್ದು, ಬಾಗಿಲ ಬಳಿ ಒದ್ದೆ ಬಟ್ಟೆಯಲ್ಲಿ ನಿಂತಿದ್ದ ಅಟೆಂಡರ ಹತ್ತಿರ ಹೋಗಿ, ಹೆಗಲ ಟವೆಲ್ಲು ತೆಗೆದು ಕೊಟ್ಟರು.

ಅಂದಿನಿಂದ ನನ್ನ ನಿದ್ರೆ ಕೆಟ್ಟಿತು. ಸ್ಟೇಷನ್ನಿನ ಹತ್ತಿರ ಒಬ್ಬ ಮುದುಕಿಯ ಮನೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಬೆಳಗಿನ ಜಾವ ನಾಲ್ಕಕ್ಕೆ ಒಂದು ಗೂಡ್ಸ್ ಗಾಡಿ ಹಾದುಹೋಗುತ್ತಿತ್ತು, ಕಿಟಕಿಯ ಗಾಜು ಅದುರುತ್ತಿತ್ತು. ಮೂರು ವರ್ಷದಿಂದ ಅಲ್ಲಿದ್ದರೂ ಅದನ್ನು ನಾನು ಕೇಳಿದವನಲ್ಲ. ಈಗ ಅದು ಬರುವ ಮುಂಚೆಯೇ ಎಚ್ಚರವಾಗಿರುತ್ತಿದ್ದೆ. ಮುದುಕಿ ಒಲೆ ಹಚ್ಚಲು ಎದ್ದವರು ಜಗಲಿಯ ಮೇಲೆ ನನ್ನನ್ನು ಕಂಡು, “ಇವತ್ತೂ ಇಲ್ವೇನಪ್ಪ?” ಎಂದು ಕೇಳಿ ಒಳಗೆ ಹೋಗುತ್ತಿದ್ದರು.

ಮೂರನೇ ದಿನ ಹೆಡ್‌ಮಾಸ್ಟರು ಕರೆಸಿದರು. ಇನ್‌ಸ್ಪೆಕ್ಟರು ವರದಿ ಕೇಳಿದ್ದರು. ವರದಿ ಟೈಪಾಗಿ ಮೇಜಿನ ಮೇಲಿತ್ತು, ನನ್ನ ಸಹಿ ಒಂದೇ ಬಾಕಿ. ಆಮ್ಲವನ್ನು ಸರಿಯಾದ ಪ್ರಮಾಣದಲ್ಲಿ ಬೆರೆಸದ ಅಟೆಂಡರನ ಅಜಾಗರೂಕತೆಯಿಂದ ಅಪಘಾತವಾಯಿತು ಎಂದು ಅದರಲ್ಲಿತ್ತು.

“ಆಮ್ಲ ಸರಿಯಾಗೇ ಬೆರೆಸಿದ್ದರು, ಸಾರ್.”

“ನೀವು ಅಳೆದು ನೋಡಿದ್ರಾ? ಇಲ್ಲ ತಾನೆ?” ಅವರು ಕನ್ನಡಕ ತೆಗೆದು ಒರೆಸಿದರು. ಕೆಟ್ಟ ಮನುಷ್ಯರಲ್ಲ, ಹೆದರಿದ್ದರು. “ನೋಡ್ರೀ, ಬಿ.ಎ. ಓದಿದೋರ ಕೈಲಿ ಕೆಮಿಸ್ಟ್ರಿ ಹೇಳಿಸಿದ್ದು ಅಂತ ಗೊತ್ತಾದ್ರೆ ನಾನೂ ಹೋದೆ, ನೀವೂ ಹೋದ್ರಿ. ಅವನಿಗೆ ಹೇಗೂ ಇನ್ನೆರಡು ವರ್ಷ ಸರ್ವೀಸು. ಒಂದು ಮೆಮೋ ಕೊಟ್ಟು ಮುಗಿಸ್ತಾರೆ.”

“ಮುಗಿಸದೇ ಹೋದ್ರೆ?”

“ಆಗ ನೋಡೋಣ.”

ನಾಳೆ ಸಹಿ ಮಾಡುತ್ತೇನೆ ಎಂದು ಹೇಳಿ ಕಾಗದ ತೆಗೆದುಕೊಂಡು ಬಂದೆ. ‘ಆಗುವುದಿಲ್ಲ’ ಎಂದು ತಕ್ಷಣವೇ ಹೇಳಿಬಿಟ್ಟೆ ಅಂತ ಬರೆದುಕೊಳ್ಳುವ ಆಸೆ ಇದೆ, ಆದರೆ ಹಾಗೆ ನಡೆಯಲಿಲ್ಲ. ಆ ಕಾಗದ ಎರಡು ದಿನ ನನ್ನ ಕೋಣೆಯಲ್ಲಿತ್ತು. ಅಪಘಾತದ ಮರುದಿನ ನಾನೇ ಬರೆದುಕೊಟ್ಟ ಮೊದಲ ಹೇಳಿಕೆಯೂ ಅದಕ್ಕೆ ಲಗತ್ತಾಗಿತ್ತು. ಅದರಲ್ಲಿ ಚೀಟಿ ಬಂದ ಹೊತ್ತು, ಪೀರಿಯಡ್ಡು ಬದಲಾದದ್ದು, ಕಡ್ಡಿ ಗೀರಿದ್ದು ಎಲ್ಲ ಇತ್ತು. ಅಟೆಂಡರು ತಡೆಯಲು ಹೇಳಿದ್ದು ಮಾತ್ರ ಇರಲಿಲ್ಲ. ಪ್ರಶ್ನೆ ಬಾರದ ಸಾಲನ್ನು ಬಿಟ್ಟಂತೆಯೇ ಅದನ್ನೂ ಬಿಟ್ಟಿದ್ದೆ. ಯಾರೂ ಕೇಳಿರಲಿಲ್ಲವಲ್ಲ.

ಐದನೇ ದಿನ ಪ್ರಯೋಗಶಾಲೆಗೆ ಹೋದಾಗ ಅಟೆಂಡರು ನೆಲಕ್ಕೆ ಕೂತು, ಬೆಂಚುಗಳ ಸಂದಿಯಿಂದ ಗಾಜಿನ ಚೂರುಗಳನ್ನು ಒದ್ದೆ ಬಟ್ಟೆಯಿಂದ ಒತ್ತಿ ತೆಗೆಯುತ್ತಿದ್ದರು. ಅಲ್ಲಿಗೆ ಮಕ್ಕಳು ಬರಿಗಾಲಲ್ಲಿ ಬರುತ್ತಾರೆ.

“ಅವತ್ತು ನೀವು ನನ್ನ ಕೈ ಹಿಡ್ಕೊಂಡು ನಿಲ್ಲಿಸಬಹುದಿತ್ತು,” ಎಂದೆ.

ಅವರು ಚೂರೊಂದನ್ನು ಡಬ್ಬಿಗೆ ಹಾಕಿದರು. “ಹುಡುಗ್ರ ಮುಂದೆ ಮೇಷ್ಟ್ರ ಕೈ ಹಿಡಿಯೋದು ಹೆಂಗೆ ಸಾರ್. ಆದ್ರೂ ಹಿಡೀಬೇಕಿತ್ತು. ದಿನಾ ಅದನ್ನೇ ಅಂದ್ಕೋತೀನಿ.”

ಆ ಸಂಜೆ ಹೊಸ ಹೇಳಿಕೆ ಬರೆದೆ. ನಾನು ವಿಜ್ಞಾನ ಓದಿದವನಲ್ಲ. ಎಚ್ಚರಿಕೆಯನ್ನು ಪುಸ್ತಕದಲ್ಲಿ ಓದಿಯೂ ಪಾಲಿಸಲಿಲ್ಲ. ಅಟೆಂಡರು ತಡೆಯಲು ಹೇಳಿದರು, ನಾನು ಕೇಳಿಸಿಕೊಂಡೂ ಬೆಂಕಿ ಹಚ್ಚಿದೆ. ಹುಡುಗಿಯನ್ನು ಹತ್ತಿರ ಕರೆದವನೂ ನಾನೇ. ಹೆಡ್‌ಮಾಸ್ಟರು ಅದನ್ನು ಎರಡು ಸಲ ಓದಿದರು. “ಇದು ರಾಜೀನಾಮೆ ಇದ್ದ ಹಾಗಿದೆ,” ಎಂದರು. ಅದು ಬೇಕಿದ್ದರೆ ಬೇರೆ ಹಾಳೆಯಲ್ಲಿ ಬರೆದುಕೊಡುತ್ತೇನೆ ಎಂದೆ. ಅವರು ಅದನ್ನೂ ನಾನು ಸಹಿ ಮಾಡದ ವರದಿಯನ್ನೂ ಡ್ರಾಯರಿಗೆ ಹಾಕಿಕೊಂಡರು. ಕಳಿಸಿದ್ದು ನನ್ನದನ್ನು ಎಂಬುದು ತಿಂಗಳ ಮೇಲೆ ಉತ್ತರ ಬಂದಾಗ ತಿಳಿಯಿತು.

ಹತ್ತನೇ ದಿನ ಪಟ್ಟಿ ಬಿಚ್ಚುವಾಗ ನಾನು ಆಸ್ಪತ್ರೆಯ ಕಾರಿಡಾರಿನಲ್ಲಿದ್ದೆ. ಒಳಗೆ ಹೋಗುವ ಧೈರ್ಯವಾಗಲಿಲ್ಲ. ಅವಳ ತಂದೆ ಬಾಗಿಲಿಂದ ತಲೆ ಹಾಕಿ, “ಬೆರಳು ಎಣಿಸುದ್ಲು,” ಎಂದು ಹೇಳಿ ಮತ್ತೆ ಒಳಗೆ ಹೋದರು. ಕಣ್ಣಿನ ಹೊರಅಂಚಿನಲ್ಲಿ ಎಳ್ಳಿನಷ್ಟು ಬಿಳಿ ಚುಕ್ಕೆ ಉಳಿಯಿತು. ಆ ಕಡೆಯಿಂದ ಬರುವುದು ಸ್ವಲ್ಪ ಮಬ್ಬು. ಓದಲು ತೊಂದರೆಯಿಲ್ಲ, ಆದರೆ ಆ ಕಣ್ಣಿಗೆ ಇನ್ನೊಮ್ಮೆ ಏಟಾದರೆ ಏನೂ ಮಾಡಲಾಗುವುದಿಲ್ಲ ಎಂದರು ಡಾಕ್ಟರು. ಅವಳನ್ನು ಶಾಲೆಗೆ ಕಳಿಸುತ್ತೀರಾ ಎಂದು ತಂದೆಯನ್ನು ಕೇಳಿದೆ. “ನಿಮ್ ಕ್ಲಾಸಿಗಾ?” ಎಂದು ಅವರು ನನ್ನ ಮುಖ ನೋಡಿದರು. ಮುಂದಿನ ವಾರ ಅವರು ಶಾಲೆಗೆ ಬಂದು ಅಟೆಂಡರಿಗೆ ಒಂದು ಬುಟ್ಟಿ ದ್ರಾಕ್ಷಿ ಕೊಟ್ಟುಹೋದರು. ನನಗೆ ಒಂದು ಗೊಂಚಲೂ ಇರಲಿಲ್ಲ, ಇರಬೇಕಾದದ್ದೂ ಅಲ್ಲ.

ಇಲಾಖೆಯ ಉತ್ತರದಲ್ಲಿ ನನಗೊಂದು ಎಚ್ಚರಿಕೆ, ಹೆಡ್‌ಮಾಸ್ಟರಿಗೊಂದು ಎಚ್ಚರಿಕೆ ಇದ್ದವು. ಅಟೆಂಡರ ಹೆಸರು ಇರಲಿಲ್ಲ. ಅರ್ಹ ವಿಜ್ಞಾನ ಶಿಕ್ಷಕರು ದೊರೆಯುವವರೆಗೆ ಈಗಿನ ವ್ಯವಸ್ಥೆಯೇ ಇರಲಿ, ಆದರೆ ತಕ್ಕ ತರಬೇತಿ ಪಡೆಯದೆ ಪ್ರಯೋಗ ಮಾಡಿಸತಕ್ಕದ್ದಲ್ಲ ಎಂದಿತ್ತು. ತರಬೇತಿ ಎಲ್ಲಿ ಎಂದು ಹೇಳಿರಲಿಲ್ಲ. ವಿಜ್ಞಾನ ಬಿಟ್ಟು ಇತಿಹಾಸಕ್ಕೆ ಮರಳಲು ಅದು ಒಳ್ಳೆಯ ನೆಪವಾಗಿತ್ತು. ಒಂದು ದಿನ ಪೂರ್ತಿ ಹಾಗೆಯೇ ತೀರ್ಮಾನಿಸಿದ್ದೆ. ಮರುದಿನ ಹತ್ತನೇ ತರಗತಿಗೆ ಹೋದಾಗ, ಆಮ್ಲಜನಕದ ಪಾಠಕ್ಕೆ ಮಕ್ಕಳು ಪುಸ್ತಕ ತೆರೆಯುವ ಮುಂಚೆಯೇ ಬೆಂಚನ್ನು ಹಿಂದಕ್ಕೆ ಎಳೆದುಕೊಂಡರು. ಮೇಜಿನ ಮೇಲೆ ಏನೂ ಇರಲಿಲ್ಲ, ನನ್ನ ಚಾಕ್‌ಪೀಸು ಬಿಟ್ಟು. ನಾನು ಬಿಟ್ಟುಹೋದರೆ ಇವರು ಈ ವಿಷಯದಿಂದ ಕಲಿತದ್ದು ಇಷ್ಟೇ ಆಗುತ್ತದೆ ಎನಿಸಿತು.

ಹೆಬ್ಬಾಳದ ಕಡೆ ಮಣ್ಣು ಪರೀಕ್ಷೆ ಮಾಡುವ ಒಂದು ಪ್ರಯೋಗಶಾಲೆ ಇತ್ತು. ಅಲ್ಲಿ ಪ್ರಯೋಗ ಮಾಡಿ ತೋರಿಸುವ ಡೆಮಾನ್‌ಸ್ಟ್ರೇಟರೊಬ್ಬರನ್ನು ಹೋಗಿ ಕೇಳಿಕೊಂಡೆ. ನನಗಿಂತ ಚಿಕ್ಕವರು, ಬಾಯಿ ಸ್ವಲ್ಪ ಖಾರ.

“ಹಿಸ್ಟರಿಯಲ್ಲಿ ಯುದ್ಧ ಆದ್ಮೇಲೆ ಬರೀತೀರಿ ನೀವು. ಇಲ್ಲಿ ಮುಂಚೇನೇ ಬರೀಬೇಕು. ಏನ್ ಮಾಡ್ತೀನಿ, ಏನ್ ಕೆಡಬಹುದು, ಕೆಟ್ರೆ ಏನ್ ಮಾಡ್ತೀನಿ. ಬರ್ಕೊಂಡ್ ಬನ್ನಿ, ಆಮೇಲೆ ಗ್ಲಾಸ್ ಮುಟ್ಟಿ.”

ಹತ್ತು ಶನಿವಾರ ಮಧ್ಯಾಹ್ನ ಸೈಕಲ್ಲಿನಲ್ಲಿ ಹೋದೆ. ಮೊದಲ ಎರಡು ವಾರ ಗಾಜು ತೊಳೆಯುವುದು ಮಾತ್ರ. ನೀರು ಒಂದೇ ಪದರವಾಗಿ ಜಾರಿದರೆ ಶುದ್ಧ, ಹನಿಯಾಗಿ ನಿಂತರೆ ಇನ್ನೂ ಜಿಡ್ಡಿದೆ. ಮೂರನೇ ವಾರ ರಬ್ಬರ್ ಬಿರಡೆಗೆ ತೂತು ಕೊರೆದು, ನಳಿಗೆಯನ್ನು ಬಟ್ಟೆಯಲ್ಲಿ ಹಿಡಿದು ತೂರಿಸುವುದು. ಐದನೇ ವಾರದಿಂದ ಅಟೆಂಡರನ್ನೂ ಕರೆದುಕೊಂಡು ಹೋದೆ, ಸೈಕಲ್ಲಿನ ಹಿಂದೆ ಕೂರಿಸಿಕೊಂಡು. ಡೆಮಾನ್‌ಸ್ಟ್ರೇಟರು ಏನಾದರೂ ಕಾರಣ ವಿವರಿಸಿದರೆ ಅವರು ತಲೆಯಾಡಿಸಿ, “ಅದಕ್ಕಾ ಹಂಗೆ,” ಎನ್ನುತ್ತಿದ್ದರು. ಅಷ್ಟು ವರ್ಷ ಕೈಗೆ ಗೊತ್ತಿದ್ದದ್ದು ಈಗ ಕಿವಿಗೆ ಬರುತ್ತಿತ್ತು. ಆರನೇ ಶನಿವಾರ ಜಲಜನಕ. ಕಡ್ಡಿ ಹಿಡಿದೆ, ಗೀರಲು ಆಗಲಿಲ್ಲ. ಡೆಮಾನ್‌ಸ್ಟ್ರೇಟರು ಕಡ್ಡಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು. ಮುಂದಿನ ವಾರವೂ ಹಾಗೆಯೇ ಆಯಿತು. ಎಂಟನೇ ವಾರ ಕೊಟ್ಟರು, ಗೀರಿದೆ.

ಹುಡುಗಿ ದಸರಾ ರಜೆ ಮುಗಿದ ಮೇಲೆ ಬಂದಳು. ನೇರ ಹಿಂದಿನ ಬೆಂಚಿಗೆ ಹೋಗಿ ಕೂತಳು. ಹುಡುಗಿಯರು ಹಿಂದೆ ಕೂರುವ ಪದ್ಧತಿ ನಮ್ಮಲ್ಲಿರಲಿಲ್ಲ. ಹುಡುಗರು ಸರಿದು ಜಾಗ ಕೊಟ್ಟರು. ಅಂದು ನಾನು ತರಗತಿಗೆ ನನ್ನ ಹೇಳಿಕೆಯನ್ನು ಓದಿ ಹೇಳಿದೆ, ಅಟೆಂಡರ ಮಾತು ಬರುವ ಸಾಲನ್ನೂ ಸೇರಿಸಿ. ‘ಹಿಸ್ಟರಿ ಸಾರು’ ಎಂದು ಆಡಿಕೊಳ್ಳುವುದು ಅದರಿಂದ ನಿಲ್ಲಲಿಲ್ಲ. ಎದುರಿಗೇ ಅನ್ನತೊಡಗಿದರು, ಅದು ಮೇಲು.

ಪ್ರಯೋಗವನ್ನು ಮತ್ತೆ ಮಾಡಿದ್ದು ಡಿಸೆಂಬರಿನ ಒಂದು ಶನಿವಾರ. ಆಮ್ಲವನ್ನು ತರಗತಿಯ ಎದುರಿಗೇ ಹೊಯ್ಯಬೇಕು, ಹತ್ತು ನಿಮಿಷವನ್ನು ಮಕ್ಕಳೂ ಕಾಯಬೇಕು ಎಂದು ಗೊತ್ತುಮಾಡಿಕೊಂಡಿದ್ದೆ. ಸೀಸೆಗೆ ದಪ್ಪ ಟವೆಲ್ಲು ಸುತ್ತಿದೆವು. ಹಳೆಯ ಕಿಟಕಿಯ ಚೌಕಟ್ಟಿಗೆ ಅಟೆಂಡರು ಸಣ್ಣ ಕಣ್ಣಿನ ತಂತಿಬಲೆ ಬಡಿದು ಪರದೆಯಂತೆ ಮಾಡಿದ್ದರು. ಅದು ಮೇಜಿಗೂ ಬೆಂಚಿಗೂ ನಡುವೆ. ಎರಡು ಬಕೆಟ್ಟು ನೀರು. ಮೇಣದಬತ್ತಿ ಕೋಣೆಯ ಆಚೆ ಮೂಲೆಯಲ್ಲಿ.

ಅಟೆಂಡರು ಹೊಯ್ದರು. ಐದು ನಿಮಿಷವಾದ ಮೇಲೆ ಮೊದಲ ಪ್ರನಾಳವನ್ನು ಕಿಂಡಿಯ ಮೇಲೆ ತಲೆಕೆಳಗಾಗಿ ಹಿಡಿದು, ಹೆಬ್ಬೆರಳಿಂದ ಮುಚ್ಚಿ, ಬತ್ತಿಯ ಬಳಿ ಒಯ್ದು ಬೆರಳು ತೆಗೆದೆ. ನಾಯಿ ಕುಂಯ್ ಎಂದಂಥ ಚೂಪಾದ ಸದ್ದು. ಇಡೀ ತರಗತಿ ಹಿಂದಕ್ಕೆ ಸರಿಯಿತು.

“ಗಾಳಿ ಇನ್ನೂ ಇದೆ,” ಎಂದೆ. “ಈಗ ಹಚ್ಚಿದರೆ ಆವತ್ತಿನದೇ ಆಗುತ್ತೆ.”

ಎರಡನೆಯದೂ ಕೂಗಿತು. ಮೂರನೆಯದರ ಸದ್ದು ಸಣ್ಣದು. ಅಷ್ಟರಲ್ಲಿ ಒಬ್ಬ ಹುಡುಗ ಗಡಿಯಾರ ನೋಡಿ ನಿಮಿಷ ಹೇಳತೊಡಗಿದ್ದ. ನಾಲ್ಕನೆಯ ಪ್ರನಾಳ ಬತ್ತಿಗೆ ತಾಗಿ, ಸದ್ದಿಲ್ಲದೆ, ಬಾಯಲ್ಲಿ ತಿಳಿನೀಲಿಯಾಗಿ ಉರಿದು ಆರಿತು. ನಾನು ಪ್ರನಾಳವನ್ನು ಸ್ಟ್ಯಾಂಡಿಗೆ ಹಾಕಿ ಅಟೆಂಡರ ಮುಖ ನೋಡಿದೆ. ಅವರು ತಲೆಯಾಡಿಸಿದರು. ಕಡ್ಡಿಪೊಟ್ಟಣಕ್ಕೆ ಕೈ ಹಾಕಿದೆ.

“ಇನ್ನೊಂದ್ಸಲ ನೋಡಿ ಸಾರ್.”

ಹಿಂದಿನ ಬೆಂಚಿನಿಂದ. ಅವಳು ಎದ್ದುನಿಂತಿದ್ದಳು.

ನಾನು ಪೊಟ್ಟಣವನ್ನು ಕೆಳಗಿಟ್ಟೆ. ಐದನೆಯ ಪ್ರನಾಳ ಹಿಡಿದೆ. ಸದ್ದಿಲ್ಲದೆ ಉರಿಯಿತು. “ಸಾಕಾ?” ಎಂದು ಕೇಳಿದೆ. ಅವಳು ಒಂದು ಕ್ಷಣ ಯೋಚಿಸಿ, “ಸಾಕು ಸಾರ್,” ಎಂದಳು. ಕಡ್ಡಿ ಗೀರಿ ಕಿಂಡಿಗೆ ಹಿಡಿದೆ. ಜ್ವಾಲೆ ಹತ್ತಿತು. ಹಗಲಿನ ಬೆಳಕಿನಲ್ಲಿ ಕಂಡೂ ಕಾಣದಂಥದ್ದು. ಮೇಲೆ ತಣ್ಣನೆಯ ಗಾಜಿನ ಪಾತ್ರೆ ಹಿಡಿದೆ, ಒಳಗೆ ಮಂಜು ಕೂತಿತು, ಮಂಜು ಹನಿಯಾಯಿತು. ಜ್ವಾಲೆ ಆರಿಸಿ, ಸೀಸೆಯನ್ನು ಹೊರಗೆ ಸಾಗಿಸಿದ ಮೇಲೆ ಪಾತ್ರೆಯನ್ನು ಬೆಂಚಿನಿಂದ ಬೆಂಚಿಗೆ ಕಳಿಸಿದೆವು. ಕೊನೆಯ ಬೆಂಚಿಗೆ ತಲುಪಿದಾಗ ಅವಳು ಅದನ್ನು ಬಲಗಣ್ಣಿನ ಕಡೆಗೆ ತಿರುಗಿಸಿಕೊಂಡು ನೋಡಿದಳು. ಆಮೇಲೆ ಎಡಗಣ್ಣಿನ ಕಡೆಗೆ. ಬೆರಳಿಟ್ಟು ಉಜ್ಜಿದಳು.

“ನೀರೇ,” ಎಂದಳು.

ಅಂದು ಸಂಜೆ ಅಟೆಂಡರೂ ನಾನೂ ಸೇರಿ ಎಲ್ಲವನ್ನೂ ತೊಳೆದಿಟ್ಟೆವು. ಮನೆಗೆ ಬಂದು ಊಟ ಮಾಡಿ ಮಲಗಿದೆ. ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲಿತ್ತು. ಜಗಲಿಗೆ ಬಂದೆ. ಮುದುಕಿ ಅಕ್ಕಿ ಆರಿಸುತ್ತ ಕೂತಿದ್ದರು.

“ಇವತ್ತು ನಾಲ್ಕು ಗಂಟೆ ಗಾಡಿ ಬರ್ಲಿಲ್ವಾ?” ಎಂದು ಕೇಳಿದೆ.

“ಬಂತಲ್ಲಪ್ಪ, ಎಂದಿನಂಗೆ,” ಎಂದರು. “ಕಿಟಕಿಯೆಲ್ಲ ಅದುರ್ತು.”